ಒಂದೇ ಕಾಡತೂಸು, ಬೇರೆ ಬೇರೆ ವೇಗ: ನಳಿಗೆಯ ಉದ್ದ, ಗುಂಡಿನ ತೂಕದ ಲೆಕ್ಕ

ಪೊಲೀಸ್ ನೇಮಕಾತಿಗೆ ಓದುವವರು ಕಲಬುರಗಿಯ ಗ್ರಂಥಾಲಯಗಳಲ್ಲೂ ಯಾದಗಿರಿಯ ಕೋಚಿಂಗ್ ಕ್ಲಾಸುಗಳಲ್ಲೂ ತುಂಬಿದ್ದಾರೆ. ಆಯ್ಕೆಯಾಗಿ ತರಬೇತಿಗೆ ಹೋದ ಮೇಲೆ ಅವರಿಗೆ ಎದುರಾಗುವ ಒಂದು ಸೋಜಿಗವಿದೆ. ಅಧಿಕಾರಿಯ ಸೊಂಟದಲ್ಲಿರುವ 9 ಎಂ.ಎಂ. ಪಿಸ್ತೂಲಿಗೂ ಕಾವಲಿನ ಜವಾನನ ಹೆಗಲಲ್ಲಿರುವ ಕಾರ್ಬೈನಿಗೂ (ಗಿಡ್ಡ ಬಂದೂಕು) ತುಂಬುವುದು ಒಂದೇ ಕಾಡತೂಸು, ಒಂದೇ ಪೆಟ್ಟಿಗೆಯದು. ಆದರೂ ಕಾರ್ಬೈನಿನಿಂದ ಹೊರಟ ಗುಂಡು ಪಿಸ್ತೂಲಿನದಕ್ಕಿಂತ ಸೆಕೆಂಡಿಗೆ 25–30 ಮೀಟರ್ ಹೆಚ್ಚು ವೇಗದಲ್ಲಿರುತ್ತದೆ. ಮದ್ದು ಅಷ್ಟೇ, ಗುಂಡೂ ಅದೇ. ಹೆಚ್ಚಿನ ವೇಗ ಎಲ್ಲಿಂದ ಬಂತು?

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಪತ್ರಿಕೆಯಲ್ಲಿ ‘7.65 ಎಂ.ಎಂ. ಪಿಸ್ತೂಲ್, ಐದು ಜೀವಂತ ಗುಂಡು ವಶ’ ಎಂದು ಓದುವವರಿಗೆ ಆ ಅಂಕಿ ಏನು ಹೇಳುತ್ತದೆ ಎಂಬುದು ಗೊತ್ತಿರುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದ ಮೇಲೆ ಮಕ್ಕಳನ್ನು ಶೂಟಿಂಗ್‌ಗೆ ಸೇರಿಸಬೇಕೆನ್ನುವ ತಂದೆ ತಾಯಿ ಪೆಟ್ಟಿಗೆಯ ಮೇಲಿನ ‘40 ಗ್ರೇನ್’ ನೋಡಿ ತಬ್ಬಿಬ್ಬಾಗುತ್ತಾರೆ. ಎಲ್ಲರಿಗೂ ಬೇಕಾದ ಲೆಕ್ಕ ಒಂದೇ.

ಮೊದಲು ಹೆಸರು, ಅಳತೆ

ಪತ್ರಿಕೆಯವರು ‘ಜೀವಂತ ಗುಂಡು’ ಎನ್ನುವುದು ನಿಜಕ್ಕೂ ಕಾಡತೂಸು. ಅದರಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಿಗೆ ಬಿಗಿದು ಕೂಡಿಸಿದ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ಕೇಸು ಅಲ್ಲೇ ಬೀಳುತ್ತದೆ, ಇಲ್ಲವೇ ರಿವಾಲ್ವರಿನ ಉರುಳೆಯಲ್ಲೇ ಉಳಿಯುತ್ತದೆ.

9 ಎಂ.ಎಂ., 7.65 ಎಂ.ಎಂ., .32, .22 ಇವು ಗುಂಡಿನ ದಪ್ಪದ ಅಂದಾಜು. ಅಂಕಿಯ ಮೊದಲೇ ಚುಕ್ಕಿ ಇಟ್ಟು ಬರೆದದ್ದು ಇಂಚಿನ ಲೆಕ್ಕ, ಹಾಗೆ ಇಡದೆ ಬರೆದದ್ದು ಮಿಲಿಮೀಟರ್. ಪಿಸ್ತೂಲಿನ .32 ಎ.ಸಿ.ಪಿ.ಯನ್ನೇ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್) ಯುರೋಪಿನವರು 7.65 ಬ್ರೌನಿಂಗ್ ಎನ್ನುತ್ತಾರೆ. ದಪ್ಪ ಒಂದೇ ಆದ ಮಾತ್ರಕ್ಕೆ ಕಾಡತೂಸು ಒಂದೇ ಎಂದುಕೊಳ್ಳಬಾರದು. .32 ರಿವಾಲ್ವರಿನದು ಬೇರೆ, .32 ಪಿಸ್ತೂಲಿನದು ಬೇರೆ.

ತೂಕವನ್ನು ಗ್ರೇನ್‌ನಲ್ಲಿ ಬರೆಯುತ್ತಾರೆ. ಇದು ಧಾನ್ಯದ ಕಾಳಿನಿಂದ ಹುಟ್ಟಿದ ಹಳೆಯ ಇಂಗ್ಲಿಷ್ ಅಳತೆ. 1 ಗ್ರೇನ್ ಎಂದರೆ 0.0648 ಗ್ರಾಂ. ನಮಗೆ ಇದಕ್ಕಿಂತ ಸಲೀಸಾದ ದಾರಿಯೊಂದಿದೆ. ಬ್ರಿಟಿಷರ ಕಾಲದಲ್ಲಿ ತೊಲವನ್ನು 180 ಗ್ರೇನ್‌ಗೆ ಸರಿಯಾಗಿ ಕಟ್ಟಿದ್ದರು. ಸರಾಫರು ಈಗಲೂ ಹೇಳುವ ಹಳೇ ತೊಲ 11.66 ಗ್ರಾಂ ಆದದ್ದು ಹಾಗೆ. ಆ ಲೆಕ್ಕದಲ್ಲಿ 9 ಎಂ.ಎಂ.ನ 115 ಗ್ರೇನ್ ಗುಂಡು (7.45 ಗ್ರಾಂ) ಮುಕ್ಕಾಲು ತೊಲಕ್ಕೂ ಕಡಿಮೆ, 147 ಗ್ರೇನ್‌ದು (9.53 ಗ್ರಾಂ) ಮುಕ್ಕಾಲು ತೊಲ ದಾಟಿದ್ದು. .45ರ 230 ಗ್ರೇನ್ ಗುಂಡು ಒಂದೂಕಾಲು ತೊಲ. .22ರ 40 ಗ್ರೇನ್ ಗುಂಡು ಕಾಲು ತೊಲವೂ ಇಲ್ಲ.

ವೇಗವನ್ನು ಅಮೆರಿಕದ ಪೆಟ್ಟಿಗೆಗಳು ಸೆಕೆಂಡಿಗೆ ಇಷ್ಟು ಅಡಿ ಎಂದು ಬರೆಯುತ್ತವೆ, ಉಳಿದವು ಮೀಟರ್ ಎಂದು. ಅಡಿಯನ್ನು 0.3048ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 1,150 ಅಡಿ ಎಂದರೆ ಸುಮಾರು 350 ಮೀಟರ್. ಈ ಎರಡನ್ನು ಕಲೆಸಿಕೊಂಡು ‘ಈ ಪಿಸ್ತೂಲಿನ ವೇಗ ಸಾವಿರ, ಆ ರೈಫಲ್ಲಿನದು ಎಂಟುನೂರು’ ಎಂದು ವಾದಿಸುವವರು ಬಹಳ. ಮೊದಲನೆಯದು ಅಡಿ, ಎರಡನೆಯದು ಮೀಟರ್!

ನಳಿಗೆಯೊಳಗೆ ಅರ್ಧ ಮಿಲಿಸೆಕೆಂಡು

ತೊಗರಿ ಮೂಟೆ ಹೇರಿದ ತಳ್ಳುಬಂಡಿಯನ್ನು ನೆನೆಸಿಕೊಳ್ಳಿ. ಅದರ ವೇಗ ಎರಡರ ಮೇಲೆ ನಿಲ್ಲುತ್ತದೆ: ಎಷ್ಟು ಬಲದಿಂದ ತಳ್ಳಿದಿರಿ, ಎಷ್ಟು ದೂರದವರೆಗೆ ತಳ್ಳುತ್ತಲೇ ಹೋದಿರಿ. ಕೈ ಬಿಟ್ಟ ಮೇಲೆ ವೇಗ ಏರುವುದಿಲ್ಲ. ಗುಂಡಿಗೆ ತಳ್ಳುವ ಕೈ ಎಂದರೆ ಮದ್ದು ಉರಿದು ಹುಟ್ಟಿದ ಬಿಸಿ ಅನಿಲ. ತಳ್ಳಲು ಸಿಗುವ ದೂರ ಎಂದರೆ ನಳಿಗೆ. ಗುಂಡು ನಳಿಗೆಯ ಬಾಯಿ ದಾಟಿತೋ, ಕೈ ಬಿಟ್ಟ ಹಾಗೆ.

ಇಲ್ಲಿ ಕೈಯ ಬಲ ಎಷ್ಟೆಂದರೆ, 9 ಎಂ.ಎಂ. ಕಾಡತೂಸಿಗೆ ಯುರೋಪಿನ ಮಾನದಂಡ ಹಾಕಿರುವ ಒತ್ತಡದ ಮಿತಿ 2,350 ಬಾರ್. ಕಾರಿನ ಟಯರಿನಲ್ಲಿರುವುದು ಎರಡು ಬಾರ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ಇದು ಅದರ ಸಾವಿರ ಪಟ್ಟು. ಗುಂಡಿನ ತಳದ ವಿಸ್ತೀರ್ಣ 0.64 ಚದರ ಸೆಂ.ಮೀ.ನಷ್ಟಿರುವುದರಿಂದ, ಒತ್ತಡ ಮಿತಿಗೆ ಮುಟ್ಟಿದ ಗಳಿಗೆಯಲ್ಲಿ ಅದರ ಮೇಲೆ ಬೀಳುವ ಭಾರ 15 ಕ್ವಿಂಟಲ್. ಒಂದು ತೊಲವೂ ತೂಗದ ಗುಂಡಿನ ಬೆನ್ನಿಗೆ ಹದಿನೈದು ಕ್ವಿಂಟಲ್ ತೊಗರಿ ಹೇರಿದಂತೆ.

ಆದರೆ ಆ ಭಾರ ಉಳಿಯುವುದಿಲ್ಲ. ಇಡೀ ಲೇಖನದ ಗಂಟು ಇರುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಂತು ನೋಡೋಣ. ಗುಂಡು ಕದಲುವ ಮುಂಚೆ ಕೇಸಿನೊಳಗೆ ಅನಿಲಕ್ಕಿರುವ ಜಾಗ ಸುಮಾರು 0.6 ಮಿಲಿಲೀಟರ್, ಚಹಾ ಚಮಚದ ಎಂಟರಲ್ಲೊಂದು ಪಾಲು. ಗುಂಡು ಒಂದು ಸೆಂ.ಮೀ. ಮುಂದೆ ಸರಿದರೆ ಅದರ ಹಿಂದೆ ತೆರೆಯುವ ಹೊಸ ಜಾಗವೂ 0.64 ಮಿ.ಲೀ. ಮೊದಲ ಒಂದೇ ಸೆಂಟಿಮೀಟರಿನಲ್ಲಿ ಅನಿಲದ ಕೋಣೆ ಎರಡು ಪಟ್ಟಾಗಿ ಹೋಯಿತು. ಮದ್ದು ಇನ್ನೂ ಉರಿಯುತ್ತಿರುವುದರಿಂದ ಶುರುವಿನಲ್ಲಿ ಒತ್ತಡ ಏರುತ್ತದೆ, ತುದಿ ಮುಟ್ಟುತ್ತದೆ. ಕೋಣೆ ಬೆಳೆಯುವ ವೇಗ ಮದ್ದು ಉರಿಯುವ ವೇಗವನ್ನು ಮೀರಿದ ಕೂಡಲೇ ಇಳಿಯತೊಡಗುತ್ತದೆ. ನಾಲ್ಕು ಇಂಚಿನ ನಳಿಗೆಯ ಬಾಯಿಗೆ ಬರುವಷ್ಟರಲ್ಲಿ ಕೋಣೆ ಹತ್ತು ಪಟ್ಟಾಗಿರುತ್ತದೆ. ಹದಿನಾರು ಇಂಚಿನ ನಳಿಗೆಯಾದರೆ ನಲವತ್ತು ಪಟ್ಟು.

ಅಂದರೆ ಮೊದಲ ಇಂಚಿನ ತಳ್ಳು ಆನೆಯದು, ಕೊನೆಯ ಇಂಚಿನದು ಕರುವಿನದು. ನಾಲ್ಕು ಇಂಚಿನ ನಳಿಗೆಯುದ್ದಕ್ಕೂ ಸರಾಸರಿ ತೆಗೆದರೆ ತಳ್ಳು ಐದು ಕ್ವಿಂಟಲ್‌ನಷ್ಟು. ಈ ಓಟ ಮುಗಿಯಲು ಹಿಡಿಯುವ ಸಮಯ ಅರ್ಧ ಮಿಲಿಸೆಕೆಂಡಿನ ಆಸುಪಾಸು. ರೆಪ್ಪೆ ಒಮ್ಮೆ ಮುಚ್ಚಿ ತೆರೆಯುವುದರೊಳಗೆ ಇಂಥ ಇನ್ನೂರು ಓಟ ಮುಗಿದಿರುತ್ತವೆ.

ಉದ್ದ ಹೆಚ್ಚಿದರೆ ಎಷ್ಟು ಲಾಭ?

115 ಗ್ರೇನ್‌ನ ಸಾಮಾನ್ಯ 9 ಎಂ.ಎಂ. ಕಾಡತೂಸಿನ ಅಂದಾಜು ವೇಗಗಳು ಹೀಗಿರುತ್ತವೆ. ತಯಾರಕರಿಂದ ತಯಾರಕರಿಗೆ ಇದು ಹತ್ತಿಪ್ಪತ್ತು ಮೀಟರ್ ಹೆಚ್ಚು ಕಡಿಮೆಯಾಗುತ್ತದೆ.

3 ಇಂಚು: ಸೆಕೆಂಡಿಗೆ 320 ಮೀಟರ್
4 ಇಂಚು: 350
5 ಇಂಚು: 365
6 ಇಂಚು: 375
8 ಇಂಚು: 390
16 ಇಂಚು: 405

ಮೂರರಿಂದ ನಾಲ್ಕಕ್ಕೆ ಹೋದರೆ ಒಂದೇ ಇಂಚಿಗೆ 30 ಮೀಟರ್ ಬಂತು. ಎಂಟರಿಂದ ಹದಿನಾರಕ್ಕೆ ಹೋದರೆ ಎಂಟು ಇಂಚಿಗೆ 15 ಮೀಟರ್ ಬಂತು. ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಮೊದಲಿನ ಒಂದು ಇಂಚು 75 ಜೂಲ್ ಕೊಟ್ಟಿತು, ಕೊನೆಯ ಎಂಟು ಇಂಚು ಸೇರಿ 44 ಜೂಲ್.

ಇದಕ್ಕೆ ಒತ್ತಡ ಇಳಿಯುವುದು ಮೊದಲ ಕಾರಣ. ಎರಡನೆಯದು ಕೇವಲ ಗಣಿತ: ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಂತ ಬಂಡಿಯನ್ನು ನಡಿಗೆಯ ವೇಗಕ್ಕೆ ತರುವುದಕ್ಕಿಂತ, ಓಡುತ್ತಿರುವ ಬಂಡಿಗೆ ಅಷ್ಟೇ ವೇಗ ಕೂಡಿಸಲು ಹೆಚ್ಚು ಶಕ್ತಿ ಬೇಕು. ಮೂರನೆಯದು, ಗುಂಡು ನಳಿಗೆಯ ಸುರುಳಿ ಗೆರೆಗಳಿಗೆ ಒತ್ತಿಕೊಂಡು ತಿಕ್ಕುತ್ತಾ ಹೋಗುತ್ತದೆ. ಆ ತಿಕ್ಕಾಟ ನಳಿಗೆಯ ಕೊನೆಯವರೆಗೂ ಇರುತ್ತದೆ, ತಳ್ಳು ಮಾತ್ರ ಕುಗ್ಗುತ್ತದೆ. ಎರಡೂ ಸಮವಾದ ಜಾಗದಿಂದ ಮುಂದೆ ನಳಿಗೆ ಇದ್ದಷ್ಟೂ ನಷ್ಟ. 9 ಎಂ.ಎಂ.ಗೆ ಆ ಜಾಗ 16–18 ಇಂಚಿನ ಸುಮಾರಿಗೆ ಬರುತ್ತದೆ.

ಈಗ ಮೊದಲಿನ ಸೋಜಿಗಕ್ಕೆ ಉತ್ತರ ಸಿಕ್ಕಿತು. ನಮ್ಮ ಪೊಲೀಸರ ಹಳೆಯ ಪರಿಚಯದ 9 ಎಂ.ಎಂ. ಆಟೋ ಪಿಸ್ತೂಲಿನ ನಳಿಗೆ 118 ಮಿ.ಮೀ., ಕಾರ್ಬೈನಿನದು ಸುಮಾರು 200 ಮಿ.ಮೀ. ಪಿಸ್ತೂಲಿನಲ್ಲಿ ಬಾಯಿಂದ ಬೆಂಕಿಯಾಗಿ, ಸದ್ದಾಗಿ ಹೊರಗೆ ಚೆಲ್ಲಿಹೋಗುತ್ತಿದ್ದ ಅನಿಲ, ಕಾರ್ಬೈನಿನಲ್ಲಿ ಇನ್ನೂ ಮೂರು ಇಂಚು ದುಡಿಯಿತು. ಗಿಡ್ಡ ನಳಿಗೆಯ ಪಿಸ್ತೂಲು ಕಿವಿಗೆ ಹೆಚ್ಚು ಹೊಡೆಯುವುದೂ, ಕತ್ತಲಲ್ಲಿ ಹೆಚ್ಚು ಬೆಂಕಿ ಉಗುಳುವುದೂ ಇದೇ ಕಾರಣಕ್ಕೆ.

ಕಾಡತೂಸಿಗೊಂದು ಸ್ವಭಾವ

ಮೇಲಿನ ಪಟ್ಟಿಯನ್ನು ಎಲ್ಲ ಕಾಡತೂಸಿಗೂ ಅಂಟಿಸುವಂತಿಲ್ಲ. .22ರಲ್ಲಿ ಮದ್ದು ಚಿಟಿಕೆಯಷ್ಟೇ. ಅದರ ವೇಗ 16 ಇಂಚಿನ ಸುಮಾರಿಗೆ ತುದಿ ಮುಟ್ಟುತ್ತದೆ, ಇನ್ನೂ ಉದ್ದದ ನಳಿಗೆಯಲ್ಲಿ ಕೊಂಚ ಇಳಿಯುವುದೂ ಉಂಟು. .45 ಎ.ಸಿ.ಪಿ. ಕಡಿಮೆ ಒತ್ತಡದ್ದು, ಅಮೆರಿಕದ ಮಾನದಂಡದಲ್ಲಿ 21,000 ಪಿ.ಎಸ್.ಐ. (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಒತ್ತಡದ ಅಳತೆ) ಮಿತಿ. ಅದೇ ಮಾನದಂಡದಲ್ಲಿ 9 ಎಂ.ಎಂ.ಗೆ 35,000. ಒತ್ತಡವೇ ಕಡಿಮೆ ಇದ್ದಲ್ಲಿ ಉದ್ದದ ಲಾಭವೂ ಕಡಿಮೆ. ಇದಕ್ಕೆ ತಿರುಗುಮುರುಗು ರಿವಾಲ್ವರಿನ .357 ಮ್ಯಾಗ್ನಮ್. ಅದರ ಉದ್ದ ಕೇಸಿನಲ್ಲಿ ನಿಧಾನವಾಗಿ ಉರಿಯುವ ಮದ್ದು ಹೆಚ್ಚು ಹಿಡಿಯುತ್ತದೆ. ನಾಲ್ಕು ಇಂಚಿನಿಂದ ಹದಿನಾರು ಇಂಚಿಗೆ ಹೋದರೆ ಸೆಕೆಂಡಿಗೆ ನೂರು ಮೀಟರಿಗಿಂತ ಹೆಚ್ಚು ಬರುವುದುಂಟು. ಎರಡು ಇಂಚಿನ ರಿವಾಲ್ವರಿನಲ್ಲಿ ಅದೇ ಕಾಡತೂಸು ಅರ್ಧಂಬರ್ಧ ಕೆಲಸ ಮಾಡಿ, ಉಳಿದದ್ದನ್ನು ಬಾಯಿಯಾಚೆ ಬೆಂಕಿಯಾಗಿ ಉಗುಳುತ್ತದೆ. ‘ನಿಧಾನದ ಮದ್ದಿಗೆ ಉದ್ದ ನಳಿಗೆ, ಚುರುಕು ಮದ್ದಿಗೆ ಗಿಡ್ಡ ನಳಿಗೆ’ ಎಂಬ ಮಾತು ಹುಟ್ಟಿದ್ದು ಇದರಿಂದ.

ಇಲ್ಲಿ ಕಲಬುರಗಿ ಕೋಟೆಯ ಬಾರಾ ಗಜ್ ತೋಪು ನೆನಪಾಗದೇ ಇರದು. ಸುಮಾರು 29 ಅಡಿ ಉದ್ದ. ಉದ್ದ ಹೆಚ್ಚಿದಷ್ಟೂ ಗುಂಡು ವೇಗವಾಗಿ ಹೋಗುತ್ತದೆ ಎಂದು ಅದರ ಮುಂದೆ ನಿಂತವರೆಲ್ಲ ಅಂದುಕೊಳ್ಳುತ್ತಾರೆ. ತೋಪಿನ ಕಾಲದ ಕಪ್ಪು ಮದ್ದು ಉರಿದಾಗ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಅನಿಲವಾಗುತ್ತದೆ, ಉಳಿದದ್ದು ಹೊಗೆ ಮತ್ತು ಮಸಿ. ಆ ಕಾಲದ ತೋಪುಗಳಲ್ಲಿ ಗುಂಡಿಗೂ ನಳಿಗೆಯ ಗೋಡೆಗೂ ನಡುವೆ ಸಂದು ಇಡುತ್ತಿದ್ದರು, ಇಲ್ಲದಿದ್ದರೆ ಬಾಯಿಂದ ಗುಂಡು ತುಂಬಲು ಬರುತ್ತಿರಲಿಲ್ಲ. ಆ ಸಂದಿನಿಂದಲೂ ಅನಿಲ ಸೋರುತ್ತಿತ್ತು. ಪಿಸ್ತೂಲಿನ ಲೆಕ್ಕವೇ ತೋಪಿಗೂ: ಮೊದಲ ಅಡಿಗಳು ದುಡಿಯುತ್ತವೆ, ಕೊನೆಯ ಅಡಿಗಳದ್ದು ಹೆಚ್ಚಾಗಿ ದೌಲತ್ತು.

ತೂಕ ಹೆಚ್ಚಿದರೆ

ಜೋಳ ಹಾಲುಗಾಳಾದಾಗ ಹೊಲದ ಅಟ್ಟಣಿಗೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೋಳಿನ ಬಲ ಅಷ್ಟೇ ಇದ್ದರೆ ಸಣ್ಣ ಹರಳು ಸುಯ್ಯೆಂದು ಹೋಗುತ್ತದೆ, ದಪ್ಪ ಕಲ್ಲು ನಿಧಾನ. ಆದರೆ ದಪ್ಪ ಕಲ್ಲು ಬಿದ್ದಲ್ಲಿ ಪೆಟ್ಟು ಜೋರು.

ಗುಂಡಿಗೂ ಹಾಗೆಯೇ, ಆದರೆ ಒಂದು ಕೊಕ್ಕೆ ಇದೆ. ಒಂದೇ ಶಕ್ತಿ ಸಿಕ್ಕರೆ ವೇಗ ತೂಕದ ವರ್ಗಮೂಲಕ್ಕೆ ತಕ್ಕಂತೆ ಇಳಿಯಬೇಕು. 115 ಗ್ರೇನ್ 350 ಮೀಟರಿನಲ್ಲಿ ಹೋದರೆ, 147 ಗ್ರೇನ್ ಅದೇ ನಾಲ್ಕು ಇಂಚಿನ ನಳಿಗೆಯಿಂದ 310ರಲ್ಲಿ ಹೋಗಬೇಕು. ನಿಜದಲ್ಲಿ ಹೋಗುವುದು 300ರ ಹತ್ತಿರ ಅಥವಾ ಅದಕ್ಕೂ ಸ್ವಲ್ಪ ಕೆಳಗೆ. ಹತ್ತು ಮೀಟರ್ ಎಲ್ಲಿ ಹೋಯಿತು?

ದಪ್ಪ ಒಂದೇ ಇರುವುದರಿಂದ ಭಾರದ ಗುಂಡು ಉದ್ದವಾಗಲೇಬೇಕು. 147ರದು 115ಕ್ಕಿಂತ ಸುಮಾರು 3 ಮಿ.ಮೀ. ಉದ್ದ. ಕಾಡತೂಸಿನ ಒಟ್ಟು ಉದ್ದ ಹೆಚ್ಚಾಗುವಂತಿಲ್ಲ, ಮ್ಯಾಗಜೀನಿನಲ್ಲಿ (ಕಾಡತೂಸು ಜೋಡಿಸಿಡುವ ಡಬ್ಬಿ) ಕೂಡುವುದಿಲ್ಲ. ಹಾಗಾಗಿ ಆ 3 ಮಿ.ಮೀ. ಕೇಸಿನ ಒಳಕ್ಕೆ ಇಳಿಯುತ್ತದೆ, ಅನಿಲದ 0.6 ಮಿ.ಲೀ. ಕೋಣೆಯಲ್ಲಿ ಮೂರರಲ್ಲೊಂದು ಪಾಲನ್ನು ತಿನ್ನುತ್ತದೆ. ಕೋಣೆ ಚಿಕ್ಕದು, ಗುಂಡು ಮೊಂಡ, ಬೇಗ ಕದಲುವುದಿಲ್ಲ. ಎರಡೂ ಸೇರಿ ಒತ್ತಡವನ್ನು ಮೇಲಕ್ಕೆ ಅಟ್ಟುತ್ತವೆ. ಕುಕ್ಕರಿನಲ್ಲಿ ಬೇಳೆ ಗಂಟಲವರೆಗೆ ತುಂಬಿ ಸೀಟಿಯ ಮೇಲೆ ಕಲ್ಲು ಇಟ್ಟಂತೆ. ಮಿತಿ ಮಾತ್ರ ಬದಲಾಗುವುದಿಲ್ಲ, 2,350 ಬಾರ್ ಅಂದರೆ 2,350 ಬಾರ್. ಆದ್ದರಿಂದ ಕಾರ್ಖಾನೆಯವರು ಭಾರದ ಗುಂಡಿನ ಹಿಂದೆ ಮದ್ದು ಕಡಿಮೆ ಹಾಕುತ್ತಾರೆ, ಹಲವು ಸಲ ಮದ್ದಿನ ಜಾತಿಯನ್ನೇ ಬದಲಿಸುತ್ತಾರೆ. ‘ಭಾರದ ಗುಂಡಿಗೆ ಮದ್ದು ಜಾಸ್ತಿ ಇರುತ್ತದೆ’ ಎಂಬುದು ಬಹಳ ಜನರ ತಪ್ಪು ತಿಳಿವಳಿಕೆ. ನಡೆಯುವುದು ಅದಕ್ಕೆ ತದ್ವಿರುದ್ಧ.

ಹಾಗಾದರೆ ಯಾವುದು ಜೋರು? ಯಾವ ಅಳತೆಗೋಲು ಹಿಡಿದಿರಿ ಎಂಬುದರ ಮೇಲೆ ಉತ್ತರ. ಶಕ್ತಿಯಲ್ಲಿ ಹಗುರದ್ದು ಮುಂದೆ: 350 ಮೀಟರಿನ 115 ಗ್ರೇನ್ 456 ಜೂಲ್, 298 ಮೀಟರಿನ 147 ಗ್ರೇನ್ 423 ಜೂಲ್. ತೂಕವನ್ನು ವೇಗದಿಂದ ಗುಣಿಸುವ ಸಂವೇಗದಲ್ಲಿ ಭಾರದ್ದು ಮುಂದೆ: 2.61ರ ಎದುರು 2.84. ಕೈಗೆ ತಾಗುವ ಹಿಂದೊದೆತ ಸಂವೇಗದ ಹಿಂದೆ ಹೋಗುತ್ತದೆ, ಜೂಲ್‌ನ ಹಿಂದೆ ಅಲ್ಲ. ಆದರೂ ಭಾರದ ಗುಂಡು ಹೊಡೆದವರು ‘ಇದು ಮೆತ್ತಗೆ’ ಎನ್ನುವುದುಂಟು. ಒದೆತ ಕೊಂಚ ಹೆಚ್ಚು ಹೊತ್ತಿಗೆ ಹರಡಿಕೊಂಡು ಬರುತ್ತದೆ, ಬಾಯಿಂದ ಚೆಲ್ಲುವ ಅನಿಲವೂ ಕಡಿಮೆ. ಅನಿಲಕ್ಕೂ ತನ್ನದೇ ಒದೆತವಿದೆ.

ನಳಿಗೆ ಗಿಡ್ಡವಾದಾಗಲೂ ಭಾರದ ಗುಂಡು ಕಡಿಮೆ ಅಳುತ್ತದೆ. ನಾಲ್ಕರಿಂದ ಮೂರು ಇಂಚಿಗೆ ಇಳಿದರೆ 115 ಗ್ರೇನ್ 30 ಮೀಟರ್ ಕಳೆದುಕೊಂಡರೆ, 147 ಕಳೆದುಕೊಳ್ಳುವುದು 20ರ ಆಸುಪಾಸು.

ಓಡುತ್ತಾ ಹೊಡೆಯುವ ಅಂತರರಾಷ್ಟ್ರೀಯ ಪಿಸ್ತೂಲ್ ಸ್ಪರ್ಧೆಗಳಲ್ಲಿ ತೂಕ–ವೇಗದ ಈ ಜೋಡಿಯನ್ನೇ ನಿಯಮ ಮಾಡಿದ್ದಾರೆ. ಗ್ರೇನ್ ಮತ್ತು ಅಡಿಯ ವೇಗ ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಬರುವುದು ಪವರ್ ಫ್ಯಾಕ್ಟರ್. ‘ಮೈನರ್’ ವರ್ಗಕ್ಕೆ ಅದು ಕನಿಷ್ಠ 125 ಇರಬೇಕು. 115 ಗ್ರೇನ್‌ಗೆ 1,087 ಅಡಿ ವೇಗ ಬೇಕು, 124ಕ್ಕೆ 1,009 ಸಾಕು. 147 ಗ್ರೇನ್ ಸರಿಯಾಗಿ 850 ಅಡಿಯಲ್ಲಿ ಹೋದರೆ? 124.95. ಸ್ಪರ್ಧಿ ಕೆಟ್ಟ! ಒಂದೇ ಒಂದು ಅಡಿ ಸಾಲದೆ ಬಂತು. ಗಿಡ್ಡ ನಳಿಗೆಯ ಪಿಸ್ತೂಲು ತಂದು, ಪೆಟ್ಟಿಗೆಯ ಮೇಲಿನ ವೇಗ ನಂಬಿದವರಿಗೆ ಹೀಗಾಗುತ್ತದೆ.

ನಿಧಾನದ ಗುಂಡು ಮೇಲೆ ಯಾಕೆ ಬೀಳುತ್ತದೆ?

25 ಮೀಟರ್ ದೂರದ ಗುರಿ ಮುಟ್ಟುವಷ್ಟರಲ್ಲಿ 350 ಮೀಟರ್ ವೇಗದ ಗುಂಡು ಸುಮಾರು ಎರಡೂವರೆ ಸೆಂ.ಮೀ. ಕೆಳಗೆ ಇಳಿದಿರುತ್ತದೆ, 300ರದು ಮೂರೂವರೆ. ಅಂದಮೇಲೆ ಭಾರದ ಗುಂಡು ಒಂದು ಸೆಂ.ಮೀ. ಕೆಳಗೆ ಬೀಳಬೇಕು. ಹಲವು ಪಿಸ್ತೂಲುಗಳಲ್ಲಿ, ರಿವಾಲ್ವರಿನಲ್ಲಂತೂ ಎದ್ದು ಕಾಣುವಂತೆ, ಅದು ಮೇಲೆ ಬೀಳುತ್ತದೆ.

ನಳಿಗೆ ಕೈಯ ಹಿಡಿತಕ್ಕಿಂತ ಮೇಲಿರುವುದರಿಂದ ಗುಂಡು ಕದಲಿದ ಕ್ಷಣದಿಂದಲೇ ಬಾಯಿ ಮೇಲಕ್ಕೆ ಏಳತೊಡಗುತ್ತದೆ. ಭಾರದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ, ಒದೆತವೂ ಅದರದ್ದೇ ಹೆಚ್ಚು. ಅದು ಹೊರಡುವ ಗಳಿಗೆಗೆ ಬಾಯಿ ಇನ್ನಷ್ಟು ಮೇಲೆದ್ದಿರುತ್ತದೆ. ಗುಂಡಿನ ತೂಕ ಬದಲಿಸಿದವರು ಅದಕ್ಕಾಗಿಯೇ ಮೊದಲು ಕಾಗದದ ಮೇಲೆ ಐದಾರು ಹೊಡೆದು ನೋಡಿ, ಆಮೇಲೆ ಗುರಿ ನೋಡುವ ಹಿಂದಿನ ಸೈಟನ್ನು ಇಳಿಸುತ್ತಾರೆ. ಲೆಕ್ಕ ಹಾಕಿ ಮೊದಲೇ ಏರಿಸಿಕೊಂಡವರು ಎರಡು ಸಲ ಕೆಡುತ್ತಾರೆ.

ಅಳತೆಯಲ್ಲಿ ಆಗುವ ಮೋಸ

ಪಿಸ್ತೂಲಿನ ನಳಿಗೆಯನ್ನು ಹಿಂದಿನ ಮುಖದಿಂದ ಬಾಯಿವರೆಗೆ ಅಳೆಯುತ್ತಾರೆ. ಅದರಲ್ಲಿ ಕಾಡತೂಸು ಕೂಡುವ ಚೇಂಬರೂ ಸೇರಿರುತ್ತದೆ. ಹೀಗಾಗಿ ‘4 ಇಂಚು’ ಅಂದದ್ದರಲ್ಲಿ, ಅಂದರೆ 102 ಮಿ.ಮೀ.ನಲ್ಲಿ, ಗುಂಡಿಗೆ ಓಡಲು ಸಿಗುವುದು 87 ಮಿ.ಮೀ. ಮಾತ್ರ. ರಿವಾಲ್ವರಿನಲ್ಲಿ ಉರುಳೆಯನ್ನು ಬಿಟ್ಟು, ಅದರ ಮುಂದಿನ ನಳಿಗೆಯನ್ನಷ್ಟೇ ಅಳೆಯುತ್ತಾರೆ. ನಾಲ್ಕು ಇಂಚಿನ .38 ರಿವಾಲ್ವರನ್ನು ಪಿಸ್ತೂಲಿನ ರೀತಿ ಅಳೆದರೆ ಐದೂವರೆ ಇಂಚಿನ ಹತ್ತಿರ ಬರುತ್ತದೆ. ಆದರೆ ಉರುಳೆಗೂ ನಳಿಗೆಗೂ ನಡುವೆ ಒಂದೆರಡು ಕಾಗದದ ಹಾಳೆಯಷ್ಟು, 0.1–0.2 ಮಿ.ಮೀ., ಸಂದು ಇರುತ್ತದೆ. ಅಲ್ಲಿಂದ ಅನಿಲ ಸೋರಿ ಕೊಂಚ ವೇಗ ಹೋಗುತ್ತದೆ. ಸಂದು ಸವೆದು ಅಗಲವಾದಷ್ಟೂ ಹೆಚ್ಚು ಹೋಗುತ್ತದೆ.

ಪೆಟ್ಟಿಗೆಯ ಮೇಲಿನ ವೇಗ ನಿಮ್ಮ ಆಯುಧದ್ದಲ್ಲ, ಪರೀಕ್ಷೆಯ ನಳಿಗೆಯದ್ದು. ಅಮೆರಿಕದ ಮಾನದಂಡದಲ್ಲಿ 9 ಎಂ.ಎಂ.ಗೆ 4 ಇಂಚು, .45ಕ್ಕೆ 5 ಇಂಚು. .22ಕ್ಕೆ 24 ಇಂಚಿನ ರೈಫಲ್ ನಳಿಗೆ! ಒಲಿಂಪಿಕ್ಸ್‌ನ 25 ಮೀಟರ್ ಪಿಸ್ತೂಲಿಗೆ ನಿಯಮದ ಪ್ರಕಾರ ನಳಿಗೆ 153 ಮಿ.ಮೀ. ಮೀರುವಂತಿಲ್ಲ. ಪೆಟ್ಟಿಗೆಯ ಮೇಲೆ 325 ಮೀಟರ್ ಎಂದಿದ್ದರೆ ಅಂಥ ಪಿಸ್ತೂಲಿನಲ್ಲಿ ಸಿಗುವುದು 270–290.

ಖಚಿತ ಬೇಕೆಂದರೆ ಅಳೆಯಲೇಬೇಕು. 1742ರಲ್ಲಿ ಬೆಂಜಮಿನ್ ರಾಬಿನ್ಸ್ ಎಂಬ ಇಂಗ್ಲಿಷ್ ಗಣಿತಜ್ಞ, ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಡೆದು ಅದು ಎಷ್ಟು ಜೀಕಿತು ಎಂಬುದರಿಂದ ವೇಗ ಕಂಡುಹಿಡಿಯುವ ದಾರಿಯನ್ನು ಪ್ರಕಟಿಸಿದ. ಆತ ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಈಗ ಕ್ರೋನೋಗ್ರಾಫ್ ಎಂಬ ಪೆಟ್ಟಿಗೆ ಇದೆ. ಒಂದು ಅಡಿ ಅಂತರದ ಎರಡು ಬೆಳಕಿನ ಕಿಂಡಿ, ಗುಂಡಿನ ನೆರಳು ಒಂದರಿಂದ ಇನ್ನೊಂದಕ್ಕೆ ದಾಟಿದ ಸಮಯವೇ ಲೆಕ್ಕ. 350 ಮೀಟರ್ ವೇಗಕ್ಕೆ ಅದು 0.87 ಮಿಲಿಸೆಕೆಂಡು. ಕಿಂಡಿಗಳ ಅಂತರ 3 ಮಿ.ಮೀ. ತಪ್ಪಿದರೆ ವೇಗ ಮೂರೂವರೆ ಮೀಟರ್ ತಪ್ಪುತ್ತದೆ.

ಅದನ್ನು ಬಾಯಿಂದ 3–4 ಮೀಟರ್ ದೂರ ಇಡಬೇಕು. ಹತ್ತಿರ ಇಟ್ಟರೆ ಗುಂಡಿಗಿಂತ ಮುಂಚೆ ನುಗ್ಗುವ ಅನಿಲವೇ ಕಿಂಡಿಯನ್ನು ಎಬ್ಬಿಸಿ, ನಂಬಲಾಗದ ಅಂಕಿ ತೋರಿಸುತ್ತದೆ. ನಮ್ಮ ಕಡೆಯ ನಡುಹಗಲ ಬಿಸಿಲು ಇನ್ನೊಂದು ಕಾಟ. ನೇರ ಬಿಸಿಲಿಗೆ ಕಿಂಡಿ ಕುರುಡಾಗಿ ಕೆಲವು ಗುಂಡು ಎಣಿಸುವುದೇ ಇಲ್ಲ. ಮೇಲೆ ಬಿಳಿ ಪರದೆ ಕಟ್ಟಬೇಕು, ಇಲ್ಲವೇ ಮೋಡದ ಹೊತ್ತು ನೋಡಬೇಕು. ಕನಿಷ್ಠ ಹತ್ತು ಹೊಡೆತದ ಸರಾಸರಿ ತೆಗೆಯಬೇಕು, ಒಂದೇ ಪೆಟ್ಟಿಗೆಯ ಕಾಡತೂಸುಗಳಲ್ಲೇ ಐದಾರು ಮೀಟರ್ ವ್ಯತ್ಯಾಸ ಇರುತ್ತದೆ. ಒಂದೇ ಕಂಪನಿಯ, ಒಂದೇ ಉದ್ದದ ಎರಡು ಪಿಸ್ತೂಲುಗಳ ನಡುವೆಯೂ ಹತ್ತು ಮೀಟರ್ ವ್ಯತ್ಯಾಸ ಕಂಡರೆ ಗಾಬರಿ ಬೇಡ. ನಳಿಗೆಯ ಒಳಮೈ, ಚೇಂಬರಿನ ಸಡಿಲ ಬಿಗಿ ಅದಕ್ಕೆ ಸಾಕು.

ರಿವಾಲ್ವರಿನ .38 ಸ್ಪೆಷಲ್ ಕಾಡತೂಸಿಗೆ ಮತ್ತೊಂದು ಚೇಷ್ಟೆ ಇದೆ. 19ನೇ ಶತಮಾನದ ಕೊನೆಯಲ್ಲಿ ಕಪ್ಪು ಮದ್ದು ತುಂಬಲೆಂದು ಮಾಡಿದ ದೊಡ್ಡ ಕೇಸು ಅದು. ಇವತ್ತಿನ ಮದ್ದು ಅದರಲ್ಲಿ ಅರ್ಧಕ್ಕೂ ಬರುವುದಿಲ್ಲ. ಹೊಡೆಯುವ ಮುಂಚೆ ಬಾಯಿ ಕೆಳಗೆ ಮಾಡಿ ಎತ್ತಿದರೆ ಮದ್ದು ಗುಂಡಿನ ಕಡೆ ಸರಿದಿರುತ್ತದೆ, ಮೇಲೆ ಮಾಡಿ ಇಳಿಸಿದರೆ ಪ್ರೈಮರಿನ ಕಡೆ. ಪ್ರೈಮರಿಗೆ ಅಂಟಿಕೊಂಡಿದ್ದಾಗ ವೇಗ ಹೆಚ್ಚು, ದೂರವಿದ್ದಾಗ ಕಡಿಮೆ. ಅಳೆಯುವಾಗ ಪ್ರತಿ ಸಲ ಒಂದೇ ರೀತಿ ಎತ್ತದಿದ್ದರೆ ಅಂಕಿ ಕುಣಿಯುತ್ತದೆ.

ಕಲಬುರಗಿಯ ಮೇ, ಬೀದರಿನ ಡಿಸೆಂಬರ್

ಸದ್ದಿನ ವೇಗ ಗಾಳಿಯ ಬಿಸಿಗೆ ತಕ್ಕಂತೆ ಬದಲಾಗುತ್ತದೆ. 15 ಡಿಗ್ರಿಯ ಡಿಸೆಂಬರ್ ಬೆಳಗಿನಲ್ಲಿ ಅದು ಸೆಕೆಂಡಿಗೆ 340 ಮೀಟರ್, 42 ಡಿಗ್ರಿಯ ಮೇ ಮಧ್ಯಾಹ್ನದಲ್ಲಿ 356. ನಾಲ್ಕು ಇಂಚಿನ ನಳಿಗೆಯ 115 ಗ್ರೇನ್ ಗುಂಡು 350ರಲ್ಲಿ, ಸರಿಯಾಗಿ ನಡುವೆ ಕೂತಿದೆ. ಬೀದರಿನ ಚಳಿಯಲ್ಲಿ ಅದು ಸದ್ದನ್ನು ಹಿಂದೆ ಹಾಕಿ, ಬಾಯಿಯ ಸದ್ದಿನ ಜೊತೆಗೆ ಚಟ್ ಎಂಬ ಚಾವಟಿ ಸದ್ದನ್ನೂ ಎಬ್ಬಿಸುತ್ತದೆ. ಕಲಬುರಗಿಯ ಮೇನಲ್ಲಿ ಅದೇ ಗುಂಡು ಸದ್ದಿಗಿಂತ ಹಿಂದೆ ಉಳಿಯಬಹುದು. ‘ಉಳಿಯಬಹುದು’ ಎಂದದ್ದಕ್ಕೆ ಕಾರಣ, ಬಿಸಿಗೆ ಮದ್ದೂ ಚುರುಕಾಗಿ ಕೆಲವು ಮೀಟರ್ ವೇಗ ಕೂಡಿಸುತ್ತದೆ. 147 ಗ್ರೇನ್‌ಗೆ ಈ ರಗಳೆ ಇಲ್ಲ, ಅದು ಎರಡೂ ಊರಲ್ಲಿ ಸದ್ದಿಗಿಂತ ನಿಧಾನ. ಸದ್ದಿನ ಗೆರೆ ದಾಟುವಾಗ ಗುಂಡು ಅಲುಗಾಡುತ್ತದೆ ಎಂದೇ ಸ್ಪರ್ಧೆಯ .22 ಕಾಡತೂಸುಗಳನ್ನು ಗೆರೆಯ ಕೆಳಗೇ ಇಟ್ಟಿರುತ್ತಾರೆ.

ಬೀದರ್ ಎತ್ತರದಲ್ಲಿದೆ, ಗಾಳಿ ತೆಳು, ಆದ್ದರಿಂದ ಗುಂಡು ಹೆಚ್ಚು ವೇಗದಲ್ಲಿ ಹೊರಡುತ್ತದೆ ಎನ್ನುವುದು ಸರಿಯಲ್ಲ. ತೆಳು ಗಾಳಿ ಹೊರಟ ಮೇಲಿನ ತಡೆಯನ್ನು ಕೊಂಚ ತಗ್ಗಿಸುತ್ತದೆ. ನಳಿಗೆಯೊಳಗಿನ ಸಾವಿರಾರು ಬಾರ್‌ನ ಮುಂದೆ ಹೊರಗಿನ ಒಂದು ಬಾರ್ ಲೆಕ್ಕಕ್ಕಿಲ್ಲ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕಾಡತೂಸು ಬಿಡುವುದು ಮಾತ್ರ ನಿಜವಾದ ತಪ್ಪು. ಅಲ್ಲಿ 60 ಡಿಗ್ರಿ ದಾಟುತ್ತದೆ, ಹಾಗೆ ಕಾದದ್ದನ್ನು ಕೂಡಲೇ ಹೊಡೆದರೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹಾಗೆ ಬಿಸಿ ತಿಂದ ಮದ್ದು ಕೆಟ್ಟು, ಒಂದು ಜೋರು ಒಂದು ಮೆಲ್ಲ ಎಂದು ಹೊಡೆಯತೊಡಗುತ್ತದೆ.

ವೇಗ ತೀರಾ ಕಡಿಮೆಯಾದಾಗ

ಇದು ಎಲ್ಲಕ್ಕಿಂತ ಅಪಾಯದ್ದು. ಕೇಸಿನಲ್ಲಿ ಮದ್ದು ಇಲ್ಲದಿದ್ದರೆ, ಒದ್ದೆಯಾಗಿದ್ದರೆ, ಪ್ರೈಮರಿನ ಬಲವೊಂದರಿಂದಲೇ ಗುಂಡು ಒಂದೆರಡು ಇಂಚು ಸರಿದು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ‘ಢಂ’ ಬದಲು ‘ಟುಸ್’ ಎಂಬ ಸದ್ದು, ಕೈಗೆ ಒದೆತ ಇಲ್ಲ. ಆ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು. ಬಾಯಿಯನ್ನು ಗುರಿಯ ದಿಕ್ಕಿನಲ್ಲೇ ಹಿಡಿದು ಅರ್ಧ ನಿಮಿಷ ಕಾದು, ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ, ಆರ್ಮರರ್ (ಆಯುಧ ರಿಪೇರಿ ಮಾಡುವವ) ಕೈಗೆ ಕೊಡಬೇಕು. ಸ್ಲೈಡ್ ಎಳೆದು ಇನ್ನೊಂದು ಹೊಡೆದರೆ ಸಿಕ್ಕಿಕೊಂಡ ಗುಂಡಿಗೆ ಹೊಸದು ಗುದ್ದಿ, ಅನಿಲಕ್ಕೆ ಹೋಗಲು ದಾರಿಯಿಲ್ಲದೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಸುದ್ದಿಯಲ್ಲಿ ಬರುವ ಕಂಟ್ರಿ ಪಿಸ್ತೂಲುಗಳ ಬಗ್ಗೆ ವೇಗದ ಅಂಕಿ ಹೇಳಲು ಬಾರದ್ದೂ ಇಂಥದ್ದೇ ಕಾರಣಕ್ಕೆ. ನಳಿಗೆಯ ಒಳ ಅಳತೆ ಗುಂಡಿಗೆ ಸರಿಹೊಂದಿರುವುದಿಲ್ಲ, ಹಲವದರಲ್ಲಿ ಸುರುಳಿ ಗೆರೆಯೇ ಇಲ್ಲ, ಉಕ್ಕು ಯಾವುದೆಂದು ಮಾಡಿದವನಿಗೂ ಗೊತ್ತಿಲ್ಲ. ಸಡಿಲವಿದ್ದರೆ ಅನಿಲ ಗುಂಡನ್ನು ಸುತ್ತಿ ಮುಂದೆ ಓಡಿ ವೇಗ ಸಾಯುತ್ತದೆ, ಬಿಗಿಯಿದ್ದರೆ ಒತ್ತಡ ಮಿತಿ ಮೀರುತ್ತದೆ. ಕಾರ್ಖಾನೆಯ ಆಯುಧಗಳನ್ನು ಮಾರುವ ಮುಂಚೆ ಮಾಮೂಲಿಗಿಂತ ಹೆಚ್ಚು ಒತ್ತಡದ ಕಾಡತೂಸು ಹೊಡೆದು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಕಂಟ್ರಿ ಪಿಸ್ತೂಲಿನ ಮೊದಲ ಪರೀಕ್ಷೆ ನಡೆಯುವುದು ಅದನ್ನು ಹಿಡಿದವನ ಬೆರಳುಗಳ ನಡುವೆ.